ಮದುವೆ ಮುಗಿದು ಎಂಟು ತಿಂಗಳು, ಆ ರವಿಕೆ ಇನ್ನೂ ಸರಿಹೋಗಬೇಕೆಂಬ ಹಟ

ಪ್ರಶ್ನೆ: ನನಗೆ 27 ವರ್ಷ. ತವರು ದಾವಣಗೆರೆ, ಈಗ ಬೆಂಗಳೂರಿನಲ್ಲಿ ಕೆಲಸ. ಎತ್ತರ 5 ಅಡಿ 3 ಇಂಚು. ಮನೆಯಲ್ಲಿ ಗಂಡು ಹುಡುಕಲು ಶುರು ಮಾಡಿದಾಗ 64 ಕೆ.ಜಿ. ಇದ್ದೆ. ಇಬ್ಬರು ಬಂದು ನೋಡಿ ಹೋಗಿ, "ಹುಡುಗಿ ಸ್ವಲ್ಪ ದಪ್ಪ" ಎಂದು ಹೇಳಿ ಕಳಿಸಿದರು. ಹಟ ಹಿಡಿದು 48ಕ್ಕೆ ಇಳಿದೆ. ಮದುವೆಯಾಗಿ ಎಂಟು ತಿಂಗಳಾಯಿತು. ನನ್ನ ಗಂಡ ತೂಕದ ಬಗ್ಗೆ ಒಂದು ಮಾತೂ ಆಡಿದವರಲ್ಲ. ಆದರೂ ನಿಲ್ಲಿಸಲು ಆಗುತ್ತಿಲ್ಲ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಚಪಾತಿ, ರಾತ್ರಿ ಮಜ್ಜಿಗೆ, ಮೇಲೆ ಒಂದು ಗಂಟೆ ಜಿಮ್. ಪ್ರತಿ ಭಾನುವಾರ ಬಾಗಿಲು ಹಾಕಿಕೊಂಡು ಮದುವೆಯ ರವಿಕೆ ತೊಟ್ಟು ನೋಡುತ್ತೇನೆ. ತಾವು ಮಾಡಿದ ರೊಟ್ಟಿ ಮುಟ್ಟುವುದಿಲ್ಲ ಎಂದು ಅತ್ತೆಗೆ ಬೇಸರ. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲಿನಲ್ಲಿ ಒಂದಾದ ಮೇಲೊಂದು ಅಡುಗೆ ವಿಡಿಯೊ ನೋಡುತ್ತಾ ಕೂರುತ್ತೇನೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಗರ್ಭಿಣಿಯೂ ಅಲ್ಲ. ಬಿಎಂಐ ನಾರ್ಮಲ್ ಎಂದು ಆ್ಯಪ್ ಹೇಳುತ್ತದೆ. ಯಾರಿಗಾಗಿ ಇಷ್ಟು ಕಷ್ಟಪಡುತ್ತಿದ್ದೇನೋ ನನಗೇ ತಿಳಿಯದು. ನನಗೆ ಹುಚ್ಚು ಹಿಡಿದಿದೆಯೇ?

ಉತ್ತರ: ಹುಚ್ಚು ಹಿಡಿದಿಲ್ಲ ತಂಗಿ, ಹಸಿವಾಗಿದೆ. ಆ ಅಡುಗೆ ವಿಡಿಯೊಗಳಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮನ್ನು ಅತಿ ಹೆಚ್ಚು ಹೆದರಿಸಿರುವುದು ಅದೇ ಎಂದು ಪತ್ರ ಓದುವಾಗ ಅನಿಸಿತು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944–45ರಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಅದರ ಉದ್ದೇಶ. ಒಪ್ಪಿ ಬಂದ 36 ಗಂಡಸರು, ಎಲ್ಲರೂ ಗಟ್ಟಿಮುಟ್ಟಾದ ಯುವಕರು. ಆರು ತಿಂಗಳು ಅವರಿಗೆ ಕೊಟ್ಟದ್ದು ಬೇಕಾದುದರ ಸುಮಾರು ಅರ್ಧದಷ್ಟು ಊಟ. ದೇಹದ ತೂಕದಲ್ಲಿ ಕಾಲು ಭಾಗ ಇಳಿಯಿತು. ಅದರ ಜೊತೆಗೆ, ಅಡುಗೆಯಲ್ಲಿ ಎಂದೂ ಆಸಕ್ತಿ ಇಲ್ಲದಿದ್ದ ಆ ಹುಡುಗರು ಅಡುಗೆ ಪುಸ್ತಕಗಳನ್ನು ಓದತೊಡಗಿದರು, ಪಾಕವಿಧಾನ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು. ಸಣ್ಣ ಮಾತಿಗೂ ಸಿಡುಕು, ಮಂಕು, ಯಾರ ಜೊತೆಯೂ ಬೇಡವೆಂಬ ಮನಸ್ಸು. ನಿಮಗಾಗುತ್ತಿರುವುದು ಇದೇ. ನೀವು 64ರಿಂದ 48ಕ್ಕೆ ಬಂದಿದ್ದೀರಿ, ಅಂದರೆ ನಿಮ್ಮದೂ ಕಾಲು ಭಾಗ. ನೀವು ಬರೆದಿರುವ ದಿನದ ಊಟವಂತೂ ಅವರಿಗೆ ಕೊಟ್ಟದ್ದಕ್ಕಿಂತ ಬಹಳ ಕಡಿಮೆ.

ಈಗ ಮುಟ್ಟಿನ ವಿಷಯ. ಇದನ್ನು ಮುಂದೂಡಬೇಡಿ. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರನ್ನು ಕಾಣಲೇಬೇಕು, ನಿಮಗೆ ನಾಲ್ಕಾಗಿದೆ. ಥೈರಾಯ್ಡ್ ಮುಂತಾದ ಬೇರೆ ಕಾರಣಗಳನ್ನೂ ಅವರು ಪರೀಕ್ಷಿಸುತ್ತಾರೆ. ಆದರೆ ತಿನ್ನುವುದು ಕಡಿಮೆಯಾಗಿ ದಣಿವು ಹೆಚ್ಚಾದಾಗ, ಇದು ಬಸಿರಿಗೆ ತಕ್ಕ ಕಾಲವಲ್ಲವೆಂದು ಮೆದುಳೇ ಆ ಕೆಲಸ ನಿಲ್ಲಿಸಿಬಿಡುತ್ತದೆ. ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನು ಕುಸಿಯುತ್ತದೆ, ಮೂಳೆ ಸವೆಯಲು ಶುರುವಾಗುತ್ತದೆ. ಮೂಳೆ ಗಟ್ಟಿಯಾಗಬೇಕಾದ ವಯಸ್ಸು ನಿಮ್ಮದು. ಆ್ಯಪ್ ಹೇಳಿದ ನಾರ್ಮಲ್‌ಗೆ ಇದೊಂದೂ ಕಾಣುವುದಿಲ್ಲ. ನಿಮ್ಮ ಬಿಎಂಐ ಈಗ 18.75, ಅದಕ್ಕಿಂತ ಕೆಳಗಾದರೆ ತೂಕ ಕಡಿಮೆ ಎನ್ನುವ ಗೆರೆ ಇರುವುದು 18.5ರಲ್ಲಿ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಲೆಕ್ಕ ಅದು, ಅಷ್ಟೇ. ಡಾಕ್ಟರ ಮುಂದೆ ಕೂತಾಗ ಏನು ತಿನ್ನುತ್ತೀರಿ, ಎಷ್ಟು ತೂಕ ಇಳಿಸಿದ್ದೀರಿ, ಎಷ್ಟು ಹೊತ್ತು ಜಿಮ್ ಎಂಬುದನ್ನು ಮುಚ್ಚಿಡದೆ ಹೇಳಿ. ಅದು ಗೊತ್ತಿಲ್ಲದಿದ್ದರೆ ಮುಟ್ಟು ತರಿಸುವ ಮಾತ್ರೆ ಬರೆದುಕೊಡುತ್ತಾರೆ, ಮಾತ್ರೆಗೆ ಮುಟ್ಟಾಗುತ್ತದೆ, ನೀವು ಸರಿಹೋಯಿತೆಂದು ತಿಳಿಯುತ್ತೀರಿ. ಮೂಲ ಹಾಗೇ ಉಳಿಯುತ್ತದೆ.

ಯಾರಿಗಾಗಿ ಈ ಕಷ್ಟ ಎಂದು ಕೇಳಿದ್ದೀರಿ. ಗಂಡನಿಗಾಗಿ ಅಲ್ಲವೆಂದು ನೀವೇ ಬರೆದಿದ್ದೀರಿ. ಬೇಡವೆಂದು ಹೋದ ಆ ಎರಡು ಮನೆಯವರಿಗಾಗಿ ಎಂದು ನನಗೆ ತೋರುತ್ತದೆ. ಹಾಲ್‌ನಲ್ಲಿ ಕೂರಿಸಿ, ಉಪ್ಪಿಟ್ಟು ಕೇಸರಿಬಾತು ತಿಂದು, ಮೇಲಿಂದ ಕೆಳಗೆ ನೋಡಿ, ನಿಮ್ಮ ಓದು, ಕೆಲಸ, ಗುಣ ಎಲ್ಲವನ್ನೂ ಒಂದೇ ಪದದಲ್ಲಿ ತಳ್ಳಿಹಾಕಿ ಹೋದರು. ಅದೇ ಜನರಂಥವರು ಆಮೇಲೆ ಮದುವೆ ಮಂಟಪದಲ್ಲಿ "ಎಷ್ಟು ಚೆನ್ನಾಗಿ ಸಣ್ಣಗಾಗಿದ್ದೀಯಾ" ಎಂದು ಹೊಗಳಿದ್ದಾರೆ, ಅಲ್ಲವೇ? ಹೀಗೆ ಬಂದ ಮರ್ಯಾದೆ ಕಿಲೋ ಏರಿದರೆ ಹೊರಟುಹೋಗುತ್ತದೆ ಎಂಬ ಭಯ ಯಾರಿಗಾದರೂ ಬಂದೀತು. ಆ ಭಯ ದಡ್ಡತನವೆಂದು ನಾನು ಹೇಳಲಾರೆ. ತೆಳ್ಳಗಿರುವವರನ್ನು ನಮ್ಮ ಸಮಾಜ ನಿಜವಾಗಿಯೂ ಬೇರೆ ಥರ ನೋಡುತ್ತದೆ. ಆಫೀಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ನೀವು ಅದನ್ನು ಕಂಡಿದ್ದೀರಿ. ಶಿಸ್ತಿನವಳು, ಸೋಮಾರಿಯಲ್ಲ ಎಂಬ ಸರ್ಟಿಫಿಕೇಟನ್ನೂ ಸೊಂಟದ ಅಳತೆ ನೋಡಿಯೇ ಕೊಡುತ್ತಾರೆ. ಇದು ಅನ್ಯಾಯ, ಇದರ ಮೇಲೆ ನನಗೆ ಸಿಟ್ಟಿದೆ.

ಆದರೆ ಇದು ಎಂದೆಂದೂ ಇದ್ದದ್ದಲ್ಲ. ನಮ್ಮ ಅಜ್ಜಿಯರ ಬಾಯಲ್ಲಿ "ಮೈಕೈ ತುಂಬಿಕೊಂಡಿದ್ದಾಳೆ" ಎನ್ನುವುದು ಹೊಗಳಿಕೆ. ಬಡಕಲಾಗಿ ಬಂದ ಮಗಳನ್ನು ಕಂಡರೆ ಗಂಡನ ಮನೆಯಲ್ಲಿ ಊಟ ಹಾಕುವುದಿಲ್ಲವೇನೋ ಎಂದು ಕಳವಳಪಡುತ್ತಿದ್ದರು. ಶಾಂತಸಾಗರದ ಫಿಜಿ ದ್ವೀಪದಲ್ಲೂ ಹೀಗೇ ಇತ್ತು, ತುಂಬಿದ ಮೈ ಎಂದರೆ ಮನೆಯವರು ಚೆನ್ನಾಗಿ ನೋಡಿಕೊಂಡಿದ್ದಾರೆಂಬ ಗುರುತು. 1995ರಲ್ಲಿ ಅಲ್ಲಿನ ನಡ್ರೋಗ ಪ್ರಾಂತ್ಯಕ್ಕೆ ಟಿ.ವಿ. ಬಂತು. ಆ್ಯನ್ ಬೆಕರ್ ಎಂಬ ಸಂಶೋಧಕಿ ಆಗ ಶಾಲಾ ಹುಡುಗಿಯರನ್ನು ವಿಚಾರಿಸಿದಾಗ, ತೂಕಕ್ಕಾಗಿ ವಾಂತಿ ಮಾಡಿಕೊಳ್ಳುತ್ತೇನೆಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಮತ್ತೆ ಕೇಳಿದಾಗ ಶೇ 11ರಷ್ಟು ಹುಡುಗಿಯರು ಹೌದೆಂದರು. ಮೂರೇ ವರ್ಷ! ಇನ್ನು ನಿಮ್ಮ ಕೈಯಲ್ಲಿ ದಿನವಿಡೀ ಮೊಬೈಲ್ ಇದೆ.

ಆ ರವಿಕೆಯನ್ನು ಹೊಲಿಸಿದ್ದು ವರ್ಷದಲ್ಲೇ ಅತಿ ಕಡಿಮೆ ಉಂಡ ದಿನಗಳ ಮೈ ಅಳತೆಗೆ, ಒಂದು ದಿನದ ಫೋಟೊಗಳಿಗೆ. ಟೈಲರುಗಳು ಒಳಗೆ ಹೆಚ್ಚುವರಿ ಬಟ್ಟೆ ಬಿಟ್ಟೇ ಹೊಲಿಯುತ್ತಾರೆ. ಅಂಚನ್ನು ಒಳಮಗ್ಗುಲಿಂದ ತಿರುಗಿಸಿ ನೋಡಿ, ಒಂದೆರಡು ಇಂಚು ಸಿಗುತ್ತದೆ. ಈ ವಾರವೇ ಬಿಚ್ಚಿಸಿ, ಒಂದು ಹೊಲಿಗೆ ಹೊರಗೆ ಹಾಕಿಸಿ. ಭಾನುವಾರದ ಪರೀಕ್ಷೆ ತಾನಾಗಿ ನಿಲ್ಲುತ್ತದೆ. ತೂಕದ ಯಂತ್ರವನ್ನು ನಿಮ್ಮ ಗಂಡನ ಕೈಗೆ ಕೊಟ್ಟು ಕಣ್ಣಿಗೆ ಬೀಳದ ಕಡೆ ಇಡಲು ಹೇಳಿ. ಇನ್ನು ತೂಕ ನೋಡುವುದು ಕ್ಲಿನಿಕ್‌ನಲ್ಲಿ ಮಾತ್ರ. ಈ ಪತ್ರವನ್ನೂ ಅವರಿಗೆ ಓದಲು ಕೊಡಿ. ಎಂಟು ತಿಂಗಳಿಂದ ನೀವು ಇದನ್ನು ಒಬ್ಬರೇ ಹೊತ್ತಿದ್ದೀರಿ.

ಅತ್ತೆಯವರೊಂದಿಗೆ ದೊಡ್ಡ ವಿವರಣೆ ಬೇಕಿಲ್ಲ. "ಅತ್ತೆ, ನನಗೆ ಸ್ವಲ್ಪ ಆರೋಗ್ಯ ಸರಿಯಿಲ್ಲ, ಡಾಕ್ಟರು ರಾತ್ರಿ ಊಟ ಬಿಡಬೇಡ ಅಂದಿದ್ದಾರೆ, ನಿಮ್ಮ ಜೊತೆ ಕೂತೇ ತಿನ್ನುತ್ತೇನೆ" ಎಂದರೆ ಸಾಕು. ಮೊದಲ ವಾರ ಒಂದು ರೊಟ್ಟಿ, ಪಲ್ಯ, ಒಂದು ಹಿಡಿ ಅನ್ನ, ಸಾರು. ಆಮೇಲೆ ಎರಡು. ಮಧ್ಯಾಹ್ನದ ಡಬ್ಬಿಗೆ ಕಾಳು ಅಥವಾ ಮೊಟ್ಟೆ ಸೇರಲಿ. ಬಡಿಸುವಾಗ ಅವರು ಇನ್ನೊಂದು ಹಾಕಿಕೋ ಎಂದು ಒತ್ತಾಯಿಸಿದರೆ ಬೇಸರಪಡಬೇಡಿ, "ನಿಧಾನಕ್ಕೆ ಅತ್ತೆ" ಎನ್ನಿ. ಎಷ್ಟೋ ತಿಂಗಳಿಂದ ತಮ್ಮ ಕೈರುಚಿಯೇ ಸೊಸೆಗೆ ಹಿಡಿಸುವುದಿಲ್ಲವೆಂದು ಅವರು ಒಳಗೊಳಗೇ ನೊಂದಿರಬಹುದು. ಜಿಮ್‌ನ ಓಟವನ್ನು ಮುಟ್ಟು ಮರಳುವವರೆಗೆ ನಿಲ್ಲಿಸಿ, ಸಂಜೆ ಗಂಡನ ಜೊತೆ ಒಂದು ಸುತ್ತು ನಡೆದು ಬನ್ನಿ.

ಒಂದು ಎಚ್ಚರಿಕೆ. ಸರಿಯಾಗಿ ಉಣ್ಣಲು ಶುರು ಮಾಡಿದ ಮೊದಲ ವಾರಗಳಲ್ಲಿ ತೂಕ ಬೇಗ ಏರುತ್ತದೆ, ಹೊಟ್ಟೆ ಉಬ್ಬಿದಂತಾಗುತ್ತದೆ. ಅದರಲ್ಲಿ ಬಹುಪಾಲು ನೀರು. ಎಲ್ಲ ಕೈಮೀರಿತು ಎಂದು ಆಗ ನಿಮಗೆ ಅನಿಸುತ್ತದೆ, ಬಹಳ ಜನ ಹಿಂದಕ್ಕೆ ಜಾರುವುದು ಅಲ್ಲೇ. ಊಟ ಮಾಡಿದ ಮೇಲೆ ವಾಂತಿ ಮಾಡಿಕೊಳ್ಳಬೇಕೆನಿಸಿದರೆ, ತಲೆ ಸುತ್ತಿ ಬಿದ್ದರೆ, ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ. ಮನಸ್ಸಿನ ಚಿಕಿತ್ಸೆಗೆ ನಿಮ್ಹಾನ್ಸ್ ಆಸ್ಪತ್ರೆ ನೀವಿರುವ ಬೆಂಗಳೂರಿನಲ್ಲೇ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮುಟ್ಟು ಮರಳಲು ಕೆಲವು ತಿಂಗಳು ಹಿಡಿಯಬಹುದು. ಸ್ತ್ರೀರೋಗ ತಜ್ಞರ ಅಪಾಯಿಂಟ್‌ಮೆಂಟನ್ನು ನಾಳೆಯೇ ತೆಗೆದುಕೊಳ್ಳಿ. ಅವರು ಏನು ಹೇಳಿದರೆಂದು ನನಗೆ ಬರೆಯಿರಿ.