ಸೀಟ್ ಸರಿ, ಸೊಂಟ ಸಡಿಲ: ಜೀನ್ಸ್ ಪ್ಯಾಟರ್ನ್ ಮನೆಯಲ್ಲೇ ತಿದ್ದುವುದು ಹೇಗೆ?

ಬ್ಲೌಸ್, ಚೂಡಿದಾರ್ ಹೊಲಿಯಲು ಬರುತ್ತದೆ, ಮನೆಯ ಮಷಿನ್‌ನಲ್ಲಿ ಜೀನ್ಸ್ ಹೊಲಿಯಬಹುದಾ, ಸೀಟ್‌ಗೆ (ಕೂರುವ ಭಾಗಕ್ಕೆ) ಸರಿಹೋದರೆ ಸೊಂಟದ ಹಿಂದೆ ಸಡಿಲ ಆಗುತ್ತದೆ, ಪ್ಯಾಟರ್ನ್ ಎಲ್ಲಿ ತಿದ್ದಬೇಕು ಅಂತ ಕೇಳಿದ್ದೀರಿ. ಹೊಲಿಯಬಹುದು. ನನ್ನ ಮೈಕಟ್ಟೂ ನಿಮ್ಮ ಥರವೇ. ಇದುವರೆಗೆ ಐದು ಜೀನ್ಸ್ ಹೊಲಿದಿದ್ದೇನೆ. ಮೊದಲನೆಯದು ಈಗ ತರಕಾರಿ ಚೀಲ ಆಗಿದೆ.

ಅದು ಚೀಲ ಆಗಿದ್ದು ನನ್ನ ತಪ್ಪಿನಿಂದಲೇ. ಚೆನ್ನಾಗಿ ಕೂರುತ್ತಿದ್ದ ಹಳೇ ಜೀನ್ಸ್ ಬಿಚ್ಚಿ, ಇಸ್ತ್ರಿ ಮಾಡಿ, ಪೇಪರ್ ಮೇಲಿಟ್ಟು ಗೆರೆ ಎಳೆದೆ. ಬಳ್ಳಾರಿಯಿಂದ ತಂದ ದಪ್ಪ ಡೆನಿಮ್ ಕಟ್‌ಪೀಸ್‌ನಲ್ಲಿ ಕತ್ತರಿಸಿ ಹೊಲಿದೆ. ತೊಡೆ ದಾಟಲಿಲ್ಲ! ಹಳೇ ಪ್ಯಾಂಟು ಸ್ಟ್ರೆಚ್, ತಂದ ಬಟ್ಟೆ ಪೂರ್ತಿ ಹತ್ತಿ. ಎಳೆದರೆ ಹಿಗ್ಗುವ ಪ್ಯಾಂಟಿನ ಅಳತೆ ಹಿಗ್ಗದ ಬಟ್ಟೆಗೆ ಹೊಂದುವುದಿಲ್ಲ. ಹಾಗಾಗಿ ನೀವು ನಕಲು ಮಾಡುವ ಪ್ಯಾಂಟು ಯಾವ ಥರದ್ದೋ, ಬಟ್ಟೆಯೂ ಅದೇ ಥರದ್ದು ಇರಲಿ.

ಈಗ ಸೊಂಟದ ವಿಷಯ. ಅಂಗಡಿಯ ಜೀನ್ಸ್ ಟೈಲರ್ ಹತ್ತಿರ ಕೊಟ್ಟರೆ ಸಾಮಾನ್ಯವಾಗಿ ಹಿಂದಿನ ಮಧ್ಯದ ಹೊಲಿಗೆ ಬಿಚ್ಚಿ ಒಳಗೆ ಹಿಡಿದು ಕೊಡುತ್ತಾರೆ. ಸೊಂಟವೇನೋ ಬಿಗಿಯಾಗುತ್ತದೆ. ಆದರೆ ಜಾಸ್ತಿ ಹಿಡಿದರೆ ಹಿಂದಿನ ಜೇಬು ಎರಡೂ ಗುಟ್ಟು ಮಾತಾಡುವ ಹಾಗೆ ಹತ್ತಿರ ಬಂದುಬಿಡುತ್ತವೆ. ನೀವು ಹೊಸದಾಗಿ ಹೊಲಿಯುತ್ತಿದ್ದೀರಿ, ನಿಮಗೆ ಆ ಕಷ್ಟ ಬೇಡ. ಯೋಕ್ ತಿದ್ದಿ.

ಹಿಂದೆ, ಜೇಬಿನ ಮೇಲೆ, ಸೊಂಟದ ಪಟ್ಟಿಯ ಕೆಳಗೆ ಓರೆಯಾದ ತುಂಡು ಇರುತ್ತಲ್ಲ, ಅದೇ ಯೋಕ್. ನಾನು ಬಹಳ ದಿನ ಅದು ಸುಮ್ನೆ ಅಂದಕ್ಕೆ ಅಂದುಕೊಂಡಿದ್ದೆ. ಬ್ಲೌಸ್‌ನಲ್ಲಿ ಟಕ್ಸ್ ಮಾಡುವ ಕೆಲಸವನ್ನು ಜೀನ್ಸ್‌ನಲ್ಲಿ ಈ ಯೋಕ್ ಮಾಡುತ್ತದೆ. ಟಕ್ಸ್ ಕಣ್ಣಿಗೆ ಕಾಣದ ಹಾಗೆ ಹೊಲಿಗೆಯೊಳಗೆ ಸೇರಿಕೊಂಡಿರುತ್ತದೆ, ಅಷ್ಟೇ.

ಮೊದಲು, ನಕಲು ಮಾಡುವ ಪ್ಯಾಂಟು ಹಾಕಿಕೊಂಡು ಸೊಂಟದ ಹಿಂದೆ ಎಷ್ಟು ಸಡಿಲ ಅಂತ ಪಿನ್ನಿನಿಂದ ಹಿಡಿದು ನೋಡಿ. ಒಂದೂವರೆ ಇಂಚು ಅಂದುಕೊಳ್ಳಿ. ಪೇಪರ್ ಪ್ಯಾಟರ್ನ್ ಅರ್ಧ ಭಾಗದ್ದು, ಆದ್ದರಿಂದ ತೆಗೆಯಬೇಕಾದ್ದು ಮುಕ್ಕಾಲು ಇಂಚು. ಮಾರ್ಜಿನ್ (ಹೊಲಿಗೆಗೆ ಬಿಡುವ ಅಂಚು) ಇಲ್ಲದ ಯೋಕ್ ಪೇಪರ್ ತೆಗೆದುಕೊಂಡು, ಸೊಂಟದ ಅಂಚಿನಿಂದ ಕೆಳಗಿನ ಅಂಚಿನವರೆಗೆ ಎರಡು ಕಡೆ ಕತ್ತರಿಸಿ. ಪೂರ್ತಿ ತುಂಡಾಗಬಾರದು, ಕೆಳಗೆ ಒಂದು ಕೂದಲೆಳೆಯಷ್ಟು ಉಳಿಯಲಿ. ಈಗ ಎರಡೂ ಕಡೆ ಮೇಲಿನ ಅಂಚನ್ನು 3/8 ಇಂಚು, ಟೇಪಿನಲ್ಲಿ ಮೂರು ಸಣ್ಣ ಗೆರೆಯಷ್ಟು, ಒಂದರ ಮೇಲೊಂದು ತಂದು ಅಂಟಿಸಿ. ಯೋಕ್ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಕೆಳಗಿನ ಅಂಚು ಇದ್ದಷ್ಟೇ ಇರುವುದರಿಂದ ಕೆಳಗಿನ ತುಂಡು, ಜೇಬು ಯಾವುದನ್ನೂ ಮುಟ್ಟಬೇಕಿಲ್ಲ. ಮೂಲೆ ಮೂಲೆಯಾಗಿ ಕಾಣುವ ಗೆರೆಯನ್ನು ಕೈಯಿಂದ ನಯವಾಗಿ ಎಳೆದುಕೊಂಡು, ಆಮೇಲೆ ಮಾರ್ಜಿನ್ ಸೇರಿಸಿ. ಸೊಂಟದ ಪಟ್ಟಿಯನ್ನೂ ಅಷ್ಟೇ ಗಿಡ್ಡ ಮಾಡಬೇಕು. ನೇರ ಪಟ್ಟಿಗಿಂತ ಇದೇ ಥರ ಬಾಗಿಸಿದ ಪಟ್ಟಿ ನಮ್ಮಂಥವರ ಬೆನ್ನಿಗೆ ಚೆನ್ನಾಗಿ ಅಂಟಿ ಕೂರುತ್ತದೆ.

ಡೆನಿಮ್‌ಗೆ ಕತ್ತರಿ ಹಾಕುವ ಮೊದಲು ಹಳೇ ಬೆಡ್‌ಶೀಟಿನಲ್ಲಿ ಒಂದು ಹೊಲಿದು ನೋಡಿ. ಜೇಬು, ಜಿಪ್ ಏನೂ ಬೇಡ. ಅದನ್ನು ಹಾಕಿಕೊಂಡು ಕುರ್ಚಿ ಮೇಲೆ ಕೂತುಕೊಳ್ಳಿ. ಕನ್ನಡಿ ಮುಂದೆ ನಿಂತಾಗ ಗೊತ್ತಾಗದ್ದು ಕೂತಾಗ ಗೊತ್ತಾಗುತ್ತದೆ. ಹಿಂದೆ ಜಾರಿ ಕೆಳಗೆ ಬಂದರೆ ಸೀಟ್‌ನ ಎತ್ತರ ಸಾಲದು. ಹಿಂದಿನ ಪೇಪರನ್ನು ಮಧ್ಯದ ಹೊಲಿಗೆಯಿಂದ ಪಕ್ಕದ ಹೊಲಿಗೆಯವರೆಗೆ ಅಡ್ಡ ಕತ್ತರಿಸಿ, ಮಧ್ಯದ ಕಡೆ ಅರ್ಧ ಇಂಚು ಬಿಡಿಸಿ, ಪಕ್ಕದಲ್ಲಿ ಬಿಡಿಸದೆ ಅಂಟಿಸಿ. ಒಂದು ಸಲಕ್ಕೆ ಒಂದೇ ಕಡೆ ತಿದ್ದಿ. ನಾಲ್ಕು ಕಡೆ ಒಟ್ಟಿಗೆ ತಿದ್ದಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದೇ ಇಲ್ಲ.

ಬಟ್ಟೆ 10 ಔನ್ಸ್ (ಒಂದು ಚದರ ಗಜ ಡೆನಿಮ್‌ನ ತೂಕ) ಆಸುಪಾಸಿನದು ಸಾಕು. 12 ದಾಟಿದರೆ ಮನೆಯ ಮಷಿನ್ ಅಳುತ್ತದೆ. ಕತ್ತರಿಸುವ ಮೊದಲು ಒಮ್ಮೆ ಬಿಸಿನೀರಿನಲ್ಲಿ ಒಗೆದು ಒಣಗಿಸಿ, ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗುತ್ತದೆ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಯಾರಾದರೂ ಹೇಳುತ್ತಾರೆ, ನಂಬಬೇಡಿ. ನೀಲಿ ಬಣ್ಣ ನೂಲಿನ ಹೊರಮೈಯಲ್ಲಷ್ಟೇ ಇರುತ್ತದೆ, ಒಳಗೆ ನೂಲು ಬಿಳಿ. ಉಜ್ಜಿದಲ್ಲಿ ಹೋಗುವುದು ಅದರ ಗುಣ. ಜೀನ್ಸ್‌ಗೆ ಆ ಚೆಂದ ಬರುವುದೂ ಅದರಿಂದಲೇ ಅಲ್ವಾ?

ಸೂಜಿ 16ನೇ ನಂಬರ್ ಹಾಕಿ. ನಾನು 14ರಲ್ಲಿ ಶುರು ಮಾಡಿ ಒಂದೇ ಸಂಜೆ ಮೂರು ಮುರಿದೆ. ಮೇಲಿನ ಕಿತ್ತಳೆ ಹೊಲಿಗೆಗೆ ದಪ್ಪ ದಾರ ಸಿಗದಿದ್ದರೆ ಮಾಮೂಲಿ ದಾರವನ್ನೇ ಎರಡೆಳೆ ಮಾಡಿ ಪೋಣಿಸಬಹುದು. ಬಾಬಿನ್‌ನಲ್ಲಿ ಒಂದೇ ಎಳೆ ಸಾಕು. ಹೊಲಿಗೆ ಉದ್ದ ಇರಲಿ.

ಹೊಲಿಗೆಗಳು ಕೂಡುವ ಕಡೆ ಏಳೆಂಟು ಪದರ ಆಗುತ್ತದೆ. ಅಲ್ಲಿ ಬಟ್ಟೆ ಮುಚ್ಚಿ ಸುತ್ತಿಗೆಯಿಂದ ನಾಲ್ಕು ಏಟು ಕೊಡಿ. ತಮಾಷೆ ಅಲ್ಲ, ನಿಜವಾಗಿಯೂ ಚಪ್ಪಟೆಯಾಗುತ್ತದೆ. ಆ ಗುಡ್ಡ ಹತ್ತುವಾಗ ಮಷಿನ್ನಿನ ಪಾದ ಮೇಲ್ಮುಖವಾಗಿ ಓರೆಯಾಗಿ, ಹೊಲಿಗೆ ಅಲ್ಲೇ ನಿಂತುಬಿಡುತ್ತದೆ. ಡೆನಿಮ್ ಚೂರೊಂದನ್ನು ಮಡಚಿ ಪಾದದ ಹಿಂಭಾಗದ ಅಡಿಗೆ ಇಟ್ಟರೆ ಮಟ್ಟವಾಗುತ್ತದೆ. ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ.

ಜೇಬಿನ ಮೂಲೆಯ ತಾಮ್ರದ ಮೊಳೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜೇಬು ಹರಿಯದಿರಲಿ ಅಂತ ಅಮೆರಿಕದ ರೆನೋ ಊರಿನ ಜೇಕಬ್ ಡೇವಿಸ್ ಎಂಬ ಟೈಲರ್ ಮಾಡಿದ ಉಪಾಯ ಅದು. 1873ರಲ್ಲಿ ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ಪಡೆದರು. ನಮಗೆ ಅಲ್ಲಿ ಒತ್ತೊತ್ತಾಗಿ ಜಿಗ್‌ಜಾಗ್ ಹೊಲಿಗೆ ಹಾಕಿದರೆ ಸಾಕು.

ಕಾಲಿನ ತುದಿ ಮಾತ್ರ ಕೂಡಲೇ ಮಡಚಿ ಹೊಲಿಯಬೇಡಿ. ಕಚ್ಚಾ ಹೊಲಿಗೆ ಹಾಕಿ ಎರಡು ದಿನ ಮನೆಯಲ್ಲಿ ಹಾಕಿಕೊಂಡು ಓಡಾಡಿ, ಒಮ್ಮೆ ಒಗೆಯಿರಿ. ಮೊಣಕಾಲಿನ ಹಿಂದೆ ಮಡಿಕೆ ಬಿದ್ದು ಉದ್ದ ಸ್ವಲ್ಪ ಮೇಲೇರುತ್ತದೆ. ನನ್ನದು ಅರ್ಧ ಇಂಚು ಏರಿತ್ತು.