ಎಸ್‌ಡಿಎಂಸಿಗೆ ನಿಲ್ಲುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿ ಓದುತ್ತಿದ್ದಾಳೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅವಧಿ ಮುಗಿದಿದೆ, ಈ ಸಲ ನಿಲ್ಲಬೇಕೆಂದಿದ್ದೇನೆ. ಊರಿನ ಹಿರಿಯರು ‘ಹೆಸರೆಲ್ಲ ಮೊದಲೇ ಮಾತಾಡಿಕೊಂಡಾಗಿದೆ’ ಎನ್ನುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಯಾರದೋ ಜಗಲಿಯಲ್ಲಿ ಮಾತಾಡಿಕೊಂಡದ್ದು ಬರೀ ಪಟ್ಟಿ, ಆಯ್ಕೆಯಲ್ಲ. ಆಯ್ಕೆ ನಡೆಯಬೇಕಾದ್ದು ಪೋಷಕರ ಸಭೆಯಲ್ಲಿ. ಅಲ್ಲಿ ಎಲ್ಲರೂ ಒಪ್ಪಿದರೆ ಅವಿರೋಧ ಆಯ್ಕೆಯೂ ಸರಿಯೇ. ಶಿಕ್ಷಣ ಹಕ್ಕು ಕಾಯ್ದೆ 2009ರ 21ನೇ ಕಲಮಿನ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲಾದರೂ ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ರಾಜ್ಯದಲ್ಲಿ ಪೋಷಕ ಸದಸ್ಯರು 18. ಶಾಲೆಯಲ್ಲಿ ಯಾವ ಸಾಮಾಜಿಕ ವರ್ಗದ ಮಕ್ಕಳು ಎಷ್ಟಿದ್ದಾರೆ ಎಂಬುದರ ಮೇಲೆ ಸ್ಥಾನಗಳ ಹಂಚಿಕೆಯಾಗುತ್ತದೆ. ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ.

ಹೆಚ್ಚಿನವರು ಎಡವುವುದು ಈ ಹಂಚಿಕೆಯಲ್ಲೇ. ಸಾಮಾನ್ಯ ವರ್ಗದಲ್ಲಿ ಒಂದೇ ಪುರುಷ ಸ್ಥಾನವಿರುವಾಗ ನಾಲ್ವರು ನಿಂತು ಜಗಳವಾಡುತ್ತಾರೆ. ಸಭೆಗೆ ಮುಂಚೆಯೇ ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಕೊಡಿ. ವರ್ಗವಾರು ದಾಖಲಾತಿ, ಅದರ ಪ್ರಕಾರ ಮಾಡಿದ ಸ್ಥಾನ ಹಂಚಿಕೆ, ಸಭೆಯ ದಿನಾಂಕ ಕೇಳಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಇನ್ನೊಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ.

ಸಭೆಯ ಸಮಯದ ವಿಷಯದಲ್ಲಿ ಹಟ ಹಿಡಿಯಿರಿ. ಕಾಫಿ ಕುಯ್ಲಿನ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ತೋಟದ ಆಳುಗಳ ಲೈನ್ ಮನೆಗಳಿಂದ ಒಬ್ಬರೂ ಬರುವುದಿಲ್ಲ. ಬಂದರೆ ಆ ದಿನದ ಕೂಲಿ ಹೋಯಿತು. ತೋಟಕ್ಕೆ ರಜೆ ಇರುವ ದಿನ ಕೇಳಿ. ಹಿಂದಿನ ಸಂಜೆ ಮಕ್ಕಳ ಕೈಲಿ ಚೀಟಿ ಕಳಿಸಿ ಮುಗಿಸುವುದಕ್ಕೂ ಒಪ್ಪಬೇಡಿ.

ಸ್ಪರ್ಧೆಯಾದರೆ ಕೈ ಎತ್ತಿಸುವುದಕ್ಕಿಂತ ಚೀಟಿ ಮತದಾನ ಒಳ್ಳೆಯದು. ತೋಟದ ಲೆಕ್ಕ ಬರೆಯುವ ರೈಟರ್ ಎದುರಿಗೆ ಕೂತಿರುವಾಗ ಅದೇ ತೋಟದ ಆಳು ಯಾರ ವಿರುದ್ಧ ಕೈ ಎತ್ತಿಯಾನು? ಸ್ಪರ್ಧೆಯಲ್ಲಿಲ್ಲದ ಇಬ್ಬರು ಪೋಷಕರು ಎಲ್ಲರೆದುರೇ ಎಣಿಸಲಿ. ಯಾರಿಗೆ ಎಷ್ಟು ಮತ ಎಂಬುದನ್ನು ಅಲ್ಲೇ ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗಿನ ಖಾಲಿ ಜಾಗಕ್ಕೆ ಗೆರೆ ಎಳೆಸಿದ ಮೇಲೆ ಸಹಿ ಮಾಡಿ. ಖಾಲಿ ಬಿಟ್ಟ ಜಾಗದಲ್ಲಿ ಆಮೇಲೆ ಯಾವ ಠರಾವು ಬೇಕಾದರೂ ಹುಟ್ಟಿಕೊಳ್ಳಬಹುದು.

ಮತ ಕೇಳುವಾಗ ಹೊಸ ಮೇಷ್ಟ್ರನ್ನು ತರಿಸುತ್ತೇನೆ ಎನ್ನಬೇಡಿ, ನೇಮಕ ಸಮಿತಿಯ ಕೈಯಲ್ಲಿಲ್ಲ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಇಬ್ಬರು, 61ರಿಂದ 90ಕ್ಕೆ ಮೂವರು ಶಿಕ್ಷಕರಿರಬೇಕೆಂದು ಕಾಯ್ದೆ ಹೇಳುತ್ತದೆ. ಕೊರತೆಯಿದ್ದರೆ ಠರಾವು ಮಾಡಿ ಬಿಇಒಗೆ ಕಳಿಸಬಹುದು, ಅಷ್ಟನ್ನೇ ಹೇಳಿ. ಶೌಚಾಲಯಕ್ಕೆ ನೀರು, ಸೋರುವ ಹೆಂಚು ಇಂಥವು ನಿಮ್ಮಿಂದ ಆಗುವ ಕೆಲಸ.

ಪ್ರಶ್ನೆ: ಗೆದ್ದ ಮೇಲೆ ಲೆಕ್ಕ ನೋಡುವುದು ಹೇಗೆ? ನಮ್ಮ ಶಾಲೆಯಲ್ಲಿ 80 ಮಕ್ಕಳು.
— ಮೂಡಿಗೆರೆ

ಉತ್ತರ: ಅಧ್ಯಕ್ಷಗಿರಿಗಿಂತ ಈ ಪ್ರಶ್ನೆ ದೊಡ್ಡದು. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ದಾಖಲಾತಿಯ ಮೇಲೆ ನಿಂತಿದೆ: ವರ್ಷಕ್ಕೆ 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ಕ್ಕೆ 25,000, 101ರಿಂದ 250ಕ್ಕೆ 50,000. ಇವು ಗರಿಷ್ಠ ಮಿತಿಗಳು. ಇದರಲ್ಲಿ ಶೇ. 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ನಿಮಗೆ ಪೂರ್ತಿ 25,000 ಬಂದರೆ ಅದು 2,500.

ಪಾಸ್‌ಬುಕ್, ನಗದು ಪುಸ್ತಕ, ಬಿಲ್ಲು, ದಾಸ್ತಾನು ವಹಿ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿ. ಬಿಲ್ಲಿನಲ್ಲಿ ಆರು ಬಕೆಟ್ ಇದ್ದು ದಾಸ್ತಾನಿನಲ್ಲಿ ನಾಲ್ಕಿದ್ದರೆ ಅಲ್ಲೇ ಕೇಳಿ. ಅಧ್ಯಕ್ಷರಾದರೆ ಖಾತೆಗೆ ಮುಖ್ಯ ಶಿಕ್ಷಕರ ಜೊತೆ ನಿಮ್ಮ ಸಹಿಯೂ ಬೇಕು. ‘ನೀವು ಮತ್ತೆ ಬರೋದು ಯಾಕೆ’ ಎಂದು ಖಾಲಿ ಚೆಕ್ಕು ಮುಂದಿಟ್ಟರೆ ಎಷ್ಟೇ ವಿಶ್ವಾಸವಿದ್ದರೂ ಸಹಿ ಹಾಕಬೇಡಿ.

ಖರ್ಚಿನ ಹೊತ್ತೂ ಮುಖ್ಯ. ಮಲೆನಾಡಿನಲ್ಲಿ ಒಡೆದ ಹೆಂಚು, ಕೊಳೆತ ರೀಪು ಬದಲಿಸುವ ಕೆಲಸ ಮೇ ಒಳಗೆ ಮುಗಿಯಬೇಕು. ಮಾಡು ಸೋರುತ್ತಿರುವಾಗ ಗೋಡೆಗೆ ಬಣ್ಣ ಹೊಡೆಸಿದರೆ ಜುಲೈನಲ್ಲಿ ಅದು ಚಕ್ಕೆಯಾಗಿ ಉದುರುತ್ತದೆ. ಆದರೂ ಬಣ್ಣವೇ ಮೊದಲಾಗುತ್ತದೆ, ಯಾಕೆಂದರೆ ಫೋಟೋದಲ್ಲಿ ಕಾಣುವುದು ಅದೇ.

ಬಿಸಿಯೂಟದ ಲೆಕ್ಕ ಸುಲಭ. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರರಿಂದ ಎಂಟಕ್ಕೆ 150 ಮತ್ತು 30. ಚಿಕ್ಕವರು 60, ದೊಡ್ಡವರು 20 ಬಂದ ದಿನ 9 ಕಿಲೋ ಅಕ್ಕಿ, 1.8 ಕಿಲೋ ಬೇಳೆ ಇಳಿಯಬೇಕು. ದಾಖಲಾತಿಯನ್ನಲ್ಲ, ಆ ದಿನದ ಹಾಜರಿಯನ್ನೇ ಹಿಡಿಯಿರಿ. ಜೋರು ಮಳೆಯ ದಿನ 40 ಮಕ್ಕಳು ಬಂದಿದ್ದು ಪುಸ್ತಕದಲ್ಲಿ 78 ಊಟ ಇದ್ದರೆ ತಪ್ಪು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ.

ಪ್ರಶ್ನೆ: ಸದಸ್ಯೆ ನನ್ನ ಹೆಂಡತಿ. ಸಭೆಗೆ ನಾನು ಹೋಗಬಹುದೆ?
— ಅರಕಲಗೂಡು

ಉತ್ತರ: ಬಿಟ್ಟು ಬರಲು ಹೋಗಬಹುದು. ಮಾತು, ಮತ, ಸಹಿ ಮೂರೂ ಅವರದೇ. ಅವರ ಹೆಸರಿನ ಮುಂದೆ ನೀವು ಸಹಿ ಹಾಕಿದರೆ ಆ ದಿನದ ಠರಾವನ್ನು ಯಾರಾದರೂ ಪ್ರಶ್ನಿಸಬಹುದು.

ಪ್ರಶ್ನೆ: ಮಗ ಖಾಸಗಿ ಶಾಲೆಯಲ್ಲಿದ್ದಾನೆ. ಅಲ್ಲೂ ಈ ಚುನಾವಣೆ ಇದೆಯೆ?
— ಚಿಕ್ಕಮಗಳೂರು

ಉತ್ತರ: ಅನುದಾನರಹಿತ ಶಾಲೆಗೆ 21ನೇ ಕಲಂ ಅನ್ವಯಿಸುವುದಿಲ್ಲ. ಅನುದಾನಿತ ಶಾಲೆಯಾದರೆ ಸಮಿತಿ ಇರಬೇಕು, ಆದರೆ 2012ರ ತಿದ್ದುಪಡಿಯ ನಂತರ ಅದರ ಕೆಲಸ ಸಲಹೆ ಕೊಡುವುದಷ್ಟೇ. ಶಾಲೆ ಯಾವ ಬಗೆಯದೆಂದು ಬಿಇಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.