ಕೆರೆದಿಟ್ಟ ಪ್ರೊಪೋಲಿಸ್ ಹೊಟ್ಟೆಗೆ ಕೊಡುವ ಮುಂಚೆ

ಸರ್, ಮೆಲ್ಲಿಫೆರಾ (ಯುರೋಪಿಯನ್ ಜೇನು) ಪೆಟ್ಟಿಗೆಗಳಿಂದ ಕೆರೆದ ಪ್ರೊಪೋಲಿಸ್ (ಹುಳು ಮರಗಳಿಂದ ತಂದು ಗೂಡಿನ ಸೀಳಿಗೆ ಮೆತ್ತುವ ಅಂಟು) ಅರ್ಧ ಕೆಜಿ ಇದೆ, ಸರ್ಜಿಕಲ್ ಸ್ಪಿರಿಟ್‌ನಲ್ಲಿ ನೆನೆಸಿ ತಂದೆಯವರ ‘ಟೆನ್ಷನ್ ಗ್ಯಾಸ್ಟ್ರಿಕ್’ಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಬಹುದೇ ಅಂತ ಕೇಳಿದ್ದೀರಿ. ಮೊದಲು ಆ ಸ್ಪಿರಿಟ್ ಬಾಟಲಿ ಪಕ್ಕಕ್ಕಿಡಿ. ಅದು ಹೊರಮೈಗೆ ಹಚ್ಚಲು ಮಾಡಿದ್ದು, ಕುಡಿಯಬಾರದೆಂದೇ ಅದಕ್ಕೆ ಬೇರೆ ದ್ರಾವಕ ಬೆರೆಸಿರುತ್ತಾರೆ. ಮೆಥನಾಲ್ ಇದ್ದರಂತೂ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಸೋಸಿದರೂ ಬೇಡ, ಕಾಯಿಸಿ ಆರಿಸಿದರೂ ಬೇಡ.

ಪ್ರೊಪೋಲಿಸ್ ಹೊಟ್ಟೆಯನ್ನು ಹುಣ್ಣಿನಿಂದ ಕಾಪಾಡುತ್ತದೆ ಎಂಬ ಮಾತು ಬಹುಪಾಲು ಬಂದಿರುವುದು ಇಲಿಗಳ ಮೇಲಿನ ಪ್ರಯೋಗಗಳಿಂದ. ಇಲಿಯನ್ನು ಅಲುಗಾಡದಂತೆ ಬಂಧಿಸಿ ಎದೆಮಟ್ಟ ನೀರಿನಲ್ಲೋ ಚಳಿಯಲ್ಲೋ ಗಂಟೆಗಟ್ಟಲೆ ಇಡುತ್ತಾರೆ. ಆ ಒತ್ತಡಕ್ಕೆ ಜಠರದ ಒಳಪೊರೆಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಲೋಳೆ ತೆಳುವಾಗುತ್ತದೆ, ಆಕ್ಸಿಡೀಕರಣದಿಂದ ಜೀವಕೋಶಗಳು ಸುಟ್ಟಂತಾಗಿ ಸಣ್ಣ ಸಣ್ಣ ಗಾಯ ಏಳುತ್ತವೆ. ಪ್ರೊಪೋಲಿಸ್‌ನ ಫ್ಲೇವನಾಯ್ಡ್ ಮತ್ತು ಫೀನಾಲಿಕ್ ಆಮ್ಲಗಳು ಈ ಆಕ್ಸಿಡೀಕರಣ ತಡೆಯುತ್ತವೆ, ಗಾಯ ಕಡಿಮೆಯಾಗುತ್ತದೆ. ಆದರೆ ಅಲ್ಲಿ ಪ್ರೊಪೋಲಿಸ್ ಸಾರ ಕೊಡುವುದು ಸಾಮಾನ್ಯವಾಗಿ ಗಾಯ ಆಗುವ ಮುಂಚೆ. ಜೊತೆಗೆ, ಇಂಥ ಕೆಲಸಕ್ಕೆ ಹೆಚ್ಚು ಬಳಕೆಯಾದ ಬ್ರೆಜಿಲ್‌ನ ಹಸಿರು ಪ್ರೊಪೋಲಿಸ್ ಬಕಾರಿಸ್ ಎಂಬ ಪೊದೆಯ ಚಿಗುರಿನದು. ನಮ್ಮ ಹುಳು ತರುವುದು ನಮ್ಮ ಸುತ್ತಲಿನ ಮರಗಳ ಅಂಟು. ಗಿಡ ಬದಲಾದರೆ ಅಂಟಿನೊಳಗಿನ ರಾಸಾಯನಿಕವೂ ಬದಲಾಗುತ್ತದೆ.

ಇನ್ನು ಮನುಷ್ಯರ ವಿಷಯ. ಒತ್ತಡದ ಹುಣ್ಣು ಅಂತ ವೈದ್ಯರು ಕರೆಯುವುದು ಐಸಿಯುನಲ್ಲಿರುವವರಿಗೆ, ದೊಡ್ಡ ಸುಟ್ಟಗಾಯ ಅಥವಾ ತಲೆಪೆಟ್ಟು ಆದವರಿಗೆ ಬರುವಂಥದ್ದನ್ನು. ಮನೆಯಲ್ಲಿ ಓಡಾಡಿಕೊಂಡಿರುವವರ ಹುಣ್ಣಿಗೆ ಮುಖ್ಯ ಕಾರಣ ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ (ಇದನ್ನು ಪತ್ತೆ ಮಾಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರ ನೊಬೆಲ್ ಬಂತು), ಇಲ್ಲವೇ ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ಮಾತ್ರೆ. ಲ್ಯಾಬಿನ ತಟ್ಟೆಯಲ್ಲಿ ಪ್ರೊಪೋಲಿಸ್ ಆ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ ನಿಜ, ಆದರೆ ಬ್ರೆಜಿಲ್‌ನಲ್ಲಿ ಸೋಂಕಿದ್ದವರಿಗೆ ಪ್ರೊಪೋಲಿಸ್ ಸಾರದ ಹನಿಗಳನ್ನು ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗದಲ್ಲಿ ಬಹುತೇಕರ ಸೋಂಕು ಹೋಗಲಿಲ್ಲ. ಹಾಗಾಗಿ ತಂದೆಯವರಿಗೆ ಮೊದಲು ಉಸಿರು ಅಥವಾ ಮಲ ಪರೀಕ್ಷೆ ಮಾಡಿಸಿ. ಮಲ ಟಾರಿನಂತೆ ಕಪ್ಪಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಿದ್ದರೆ ಟಿಂಚರ್ (ಆಲ್ಕೋಹಾಲ್‌ನಲ್ಲಿ ನೆನೆಸಿ ತೆಗೆದ ಸಾರ) ಮಾತೇ ಬೇಡ, ಅವತ್ತೇ ಆಸ್ಪತ್ರೆ.

ಈಗ ನಿಮ್ಮ ಅರ್ಧ ಕೆಜಿ. ನೀವು ಕಳಿಸಿದ ಫೋಟೋದಲ್ಲಿ ಉಂಡೆಗಳ ಒಂದು ಬದಿಗೆ ಬಿಳಿ ಪದರ ಕಾಣುತ್ತಿದೆ, ಅದು ಪೆಟ್ಟಿಗೆಯ ಪೈಂಟ್. ಪೈಂಟ್‌ನಿಂದ ಸೀಸ ಬರಬಹುದು. ವರೋವಾಕ್ಕೆ (ಜೇನುಹುಳಕ್ಕೆ ಅಂಟುವ ನುಸಿ) ಫ್ಲೂವಾಲಿನೇಟ್ ಎಂಬ ನುಸಿನಾಶಕದ ಪಟ್ಟಿ ಹಾಕಿದ್ದರೆ ಅದರ ಶೇಷವೂ ಮೇಣ, ಅಂಟಿನಲ್ಲಿ ಕೂತಿರುತ್ತದೆ. ಇದು ತಿನ್ನುವ ಮಾಲಲ್ಲ. ತಿನ್ನಲು ಬೇಕಾದರೆ ಆಹಾರ ದರ್ಜೆಯ ಪ್ಲಾಸ್ಟಿಕ್ ಜಾಲರಿಯನ್ನು (2ರಿಂದ 3 ಮಿ.ಮೀ. ಸೀಳು) ಒಳಮುಚ್ಚಳದ ಜಾಗದಲ್ಲಿ ಹಾಸಿ, ಮೇಲ್ಮುಚ್ಚಳವನ್ನು ಕಡ್ಡಿ ಕೊಟ್ಟು ತುಸು ಎತ್ತಿಡಿ. ಬೆಳಕು, ಗಾಳಿ ಒಳಬಂದರೆ ಹುಳು ಸೀಳು ಮುಚ್ಚಲು ಶುರುಮಾಡುತ್ತದೆ. ಸೀಳು ಅಗಲವಾದರೆ ಅಂಟಿನ ಬದಲು ಮೇಣ ಕಟ್ಟುತ್ತದೆ. ಮಳೆಗಾಲದಲ್ಲಿ, ಹುಳು ಕಡಿಮೆಯಿರುವ ಬಡ ಜೇನುಕುಟುಂಬದಲ್ಲಿ ಇದನ್ನು ಮಾಡಬೇಡಿ. ತುಂಬಿದ ಜಾಲರಿಯನ್ನು ರಾತ್ರಿ ಫ್ರೀಜರ್‌ನಲ್ಲಿಟ್ಟು ಬೆಳಿಗ್ಗೆ ತಿರುಚಿದರೆ ಗಾಜಿನ ಚೂರಿನಂತೆ ಉದುರುತ್ತದೆ. ಬಿಸಿಲೇರಿದ ಮೇಲೆ ತೆಗೆದರೆ ಕೈಗೆ ಮೆತ್ತಿಕೊಂಡು ಮಾಲು ಹಾಳು.

ಅಂದಹಾಗೆ, ತುಡುವೆ (ನಮ್ಮ ನಾಡಿನ ಪೆಟ್ಟಿಗೆ ಜೇನು) ಪ್ರೊಪೋಲಿಸ್ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ. ತುಡುವೆ ಅಂಟು ತರುವುದು ಇಲ್ಲವೆನ್ನುವಷ್ಟು ಕಡಿಮೆ, ಅವರು ಕೊಡುತ್ತಿರುವುದು ಕಂದು ಮೇಣ. ಮುಜಂಟಿ (ಚುಚ್ಚದ ಸಣ್ಣ ಜೇನು) ತರುತ್ತದೆ, ಆದರೆ ಅದರ ಗೂಡೇ ಅಂಟು-ಮೇಣದ್ದು. ಕಿತ್ತರೆ ಸಂಸಾರವೇ ಬೀಳುತ್ತದೆ.

ಟಿಂಚರ್‌ಗೆ: ಶುದ್ಧ ಪ್ರೊಪೋಲಿಸ್ 30 ಗ್ರಾಂ, ಕುಡಿಯಲು ಯೋಗ್ಯವಾದ 70% ಎಥನಾಲ್ (ಆಲ್ಕೋಹಾಲ್) 100 ಮಿ.ಲೀ. ಕೈಯಲ್ಲಿರುವುದು 95% ಆದರೆ 74 ಮಿ.ಲೀ.ಗೆ ನೀರು ಸೇರಿಸಿ 100 ಮಾಡಿ. ತೀರಾ ಸ್ಟ್ರಾಂಗ್ ಇದ್ದರೆ ಮೇಣವೂ ಹೆಚ್ಚು ಕರಗಿ ಬರುತ್ತದೆ, ತೆಳುವಾದರೆ ರಾಳ ಬಿಡುವುದಿಲ್ಲ. ಶುದ್ಧ ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕು, ಅದಿಲ್ಲದವರು 42.8% ವೋಡ್ಕಾ ಬಳಸುತ್ತಾರೆ, ಸಾರ ಕಡಿಮೆ ಬರುತ್ತದೆ ಅಷ್ಟೇ. ಗಡ್ಡೆಯನ್ನು ಫ್ರೀಜ್ ಮಾಡಿ ಪುಡಿಮಾಡಿ (ಮಿಕ್ಸಿ ಬಿಸಿಯಾಗಲು ಬಿಟ್ಟರೆ ಬ್ಲೇಡಿಗೇ ಅಂಟುತ್ತದೆ), ಕಂದು ಗಾಜಿನ ಬಾಟಲಿಗೆ ಹಾಕಿ, ಎರಡು ವಾರ ದಿನಕ್ಕೊಮ್ಮೆ ಕುಲುಕಿ. ಆಮೇಲೆ ಒಂದು ರಾತ್ರಿ ಫ್ರಿಜ್‌ನಲ್ಲಿಡಿ, ಮೇಣ ತಳಕ್ಕೆ ಕೂರುತ್ತದೆ. ತಣ್ಣಗಿರುವಾಗಲೇ ಕಾಫಿ ಫಿಲ್ಟರ್ ಪೇಪರ್‌ನಲ್ಲಿ ಸೋಸಿ. ಬಲ ತಿಳಿಯಲು 10 ಮಿ.ಲೀ.ಯನ್ನು ತೂಕ ಗೊತ್ತಿರುವ ತಟ್ಟೆಗೆ ಸುರಿದು ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ ತೂಗಿ. 1.2 ಗ್ರಾಂ ಉಳಿದರೆ ಅದು 12% ಸಾರ. ಒಲೆಯ ಹತ್ತಿರ ಇಟ್ಟರೆ ಆಲ್ಕೋಹಾಲ್ ಆವಿಗೆ ಬೆಂಕಿ ಹತ್ತುತ್ತದೆ.

ಹುಣ್ಣಿಗೆ ಇಷ್ಟು ಹನಿ ಎಂಬ ಒಪ್ಪಿತ ಡೋಸ್ ಇಲ್ಲ. ಉರಿಯುವ ಖಾಲಿ ಹೊಟ್ಟೆಗೆ ಟಿಂಚರ್ ಹಾಕುವುದಂತೂ ತಿರುಗುಬಾಣ, ಅದರ ಆಲ್ಕೋಹಾಲೇ ಜಠರದ ಪೊರೆ ಕೆರಳಿಸುತ್ತದೆ. ಯಾರೇ ಬಳಸುವ ಮುಂಚೆ ಒಂದು ಹನಿ ಮುಂಗೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಲಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಬೇಕು. ಚರ್ಮ ಒಪ್ಪಿತು ಅಂದ ಮಾತ್ರಕ್ಕೆ ಹೊಟ್ಟೆಯೂ ಒಪ್ಪುತ್ತದೆ ಅಂತಲ್ಲ. ಆಸ್ತಮಾ, ಜೇನುಹುಳದ ಅಲರ್ಜಿ ಇದ್ದವರಿಗೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ಮಾರುವ ಯೋಚನೆ ಇದ್ದರೆ ಲೇಬಲ್ ಮೇಲೆ ‘ಅಲ್ಸರ್ ವಾಸಿ’ ಅಂತ ಬರೆಯಬೇಡಿ. ಆಕ್ಷೇಪಾರ್ಹ ಔಷಧ ಜಾಹೀರಾತು ತಡೆಯುವ 1954ರ ಕಾಯ್ದೆಯ ಪಟ್ಟಿಯಲ್ಲಿ ಜಠರ-ಕರುಳಿನ ಹುಣ್ಣು ಹೆಸರಿಸಿಯೇ ಇದೆ.

ಸೋಸಿ ಉಳಿದ ಗಸಿ ಬಿಸಾಡಬೇಡಿ, ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಹೊಸ ಪೆಟ್ಟಿಗೆಯ ಒಳಗೋಡೆಗೆ ಉಜ್ಜಿ. ಒಳಗೆ ಪ್ರೊಪೋಲಿಸ್ ಪದರವಿರುವ ಪೆಟ್ಟಿಗೆಯಲ್ಲಿ ಹುಳುಗಳ ರೋಗನಿರೋಧಕ ವ್ಯವಸ್ಥೆಗೆ ಹೊರೆ ಕಡಿಮೆ ಅಂತ ಮಿನ್ನೆಸೋಟಾ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಅವರ ತಂಡ ತೋರಿಸಿದೆ. ಪೈಂಟ್ ಮೆತ್ತಿದ ಆ ಅರ್ಧ ಕೆಜಿಯನ್ನು ಮಾತ್ರ ಇದಕ್ಕೂ ಬಳಸಬೇಡಿ.